ಟಾಕಿ ಬಂತು: ಪ್ರೇಮಿಗಳು ತಡವರಿಸಿದರು, ಪಾತಕಿಗಳು ಗೆದ್ದರು

1928ರ ಜುಲೈನಲ್ಲಿ ವಾರ್ನರ್ ಬ್ರದರ್ಸ್ ಕಂಪನಿ ‘ಲೈಟ್ಸ್ ಆಫ್ ನ್ಯೂಯಾರ್ಕ್’ ಅನ್ನುವ ಸಣ್ಣ ಸಿನಿಮಾವೊಂದನ್ನು ಬಿಡುಗಡೆ ಮಾಡಿತು. ಉದ್ದ ಒಂದು ಗಂಟೆಗೂ ಕಡಿಮೆ. ಸಣ್ಣ ಊರಿನಿಂದ ನ್ಯೂಯಾರ್ಕಿಗೆ ಬಂದ ಕ್ಷೌರಿಕನೊಬ್ಬ ಕಳ್ಳಸಾರಾಯಿ ದಂಧೆಯವರ ಕೈಗೆ ಸಿಕ್ಕಿಬೀಳುವ ಕಥೆ. ನಟನೆ ಸುಮಾರು. ಕಥೆ ಇನ್ನೂ ಸುಮಾರು. ಖರ್ಚಾಗಿದ್ದು 23,000 ಡಾಲರ್, ಬಂದಿದ್ದು 10 ಲಕ್ಷ ಡಾಲರಿಗೂ ಜಾಸ್ತಿ. ಜನ ಮುಗಿಬಿದ್ದದ್ದಕ್ಕೆ ಕಾರಣ ಒಂದೇ. ಶುರುವಿನಿಂದ ಕೊನೆಯವರೆಗೂ ಪಾತ್ರಗಳು ಮಾತಾಡುವ ಮೊದಲ ಕಥಾಚಿತ್ರ ಅದು.

ಇವತ್ತು ನೋಡಿದರೆ ನಗು ಬರುತ್ತದೆ. ರೌಡಿಗಳ ಯಜಮಾನ ಮೇಜಿನ ಹಿಂದೆ ಕೂತಿರುತ್ತಾನೆ, ಇಬ್ಬರು ಬಂಟರು ಎದುರಿಗೆ. ಒಬ್ಬ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಬ್ಬ ಬಾಯಿ ತೆರೆಯುತ್ತಾನೆ. ಒಬ್ಬನನ್ನು ‘ಸುತ್ತಾಡಿಸಿಕೊಂಡು ಬನ್ನಿ’, ಅಂದರೆ ಮುಗಿಸಿಬಿಡಿ ಅಂತ ಅಪ್ಪಣೆ ಕೊಡಬೇಕು. ಅಷ್ಟು ಸಣ್ಣ ಮಾತನ್ನು ಯಜಮಾನ ಪದಪದ ಬಿಡಿಸಿ, ಎಳೆದು ಎಳೆದು ಹೇಳುತ್ತಾನೆ. ಮೈಕನ್ನು ಮೇಜಿನ ಮೇಲಿದ್ದ ಟೆಲಿಫೋನಿನಲ್ಲೇ ಅಡಗಿಸಿದ್ದರು ಅಂತ ಸಿನಿಮಾ ಇತಿಹಾಸ ಬರೆದವರು ಹೇಳುತ್ತ ಬಂದಿದ್ದಾರೆ. ದೃಶ್ಯ ನೋಡಿದರೆ ನಂಬದೇ ಇರುವುದು ಕಷ್ಟ.

ಪೂರ್ತಿ ಮಾತಾಡಿದ ಮೊದಲ ಸಿನಿಮಾ ಕ್ರೈಂ ಕಥೆಯೇ ಆಗಿದ್ದು ಆಕಸ್ಮಿಕ ಇರಬಹುದು. ಮುಂದಿನ ಐದಾರು ವರ್ಷ ನಡೆದದ್ದು ಮಾತ್ರ ಆಕಸ್ಮಿಕ ಅಲ್ಲ. ಹೊಸದಾಗಿ ಬಂದ ದನಿಯನ್ನು ಏನು ಮಾಡಬೇಕು ಅಂತ ತಿಳಿಯದೆ ಸಂಸಾರದ ಕಥೆಗಳು ಮಾತಿನಲ್ಲಿ ಮುಳುಗಿದವು. ಪ್ರೇಮಕಥೆಗಳು ಮಾತಿಗೆ ಹೆದರಿದವು. ಕೊಲೆ, ಕಳ್ಳತನದ ಕಥೆಗಳು ಮಾತ್ರ ಬಲುಬೇಗ ಒಂದು ಗುಟ್ಟು ಕಂಡುಕೊಂಡವು. ದನಿಯಿಂದ ಸಿಕ್ಕ ದೊಡ್ಡ ಲಾಭ ಮಾತಲ್ಲ. ತೋರಿಸದೇ ಇರುವುದನ್ನು ನೋಡುಗರಿಗೆ ಮುಟ್ಟಿಸುವ ಶಕ್ತಿ.

ಇದು ಹೇಗಾಯ್ತು ಅನ್ನುವುದು ಗೊತ್ತಾಗಬೇಕಾದರೆ ಮೊದಲು ಯಂತ್ರಗಳನ್ನು ನೋಡಬೇಕು.

ತಟ್ಟೆಯಲ್ಲಿ ದನಿ, ರೀಲಿನಲ್ಲಿ ಚಿತ್ರ

1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ದ ಜಾಜ್ ಸಿಂಗರ್’ ಮೊದಲ ಟಾಕಿ ಅನ್ನುವುದು ರೂಢಿ. ಅರ್ಧ ಸತ್ಯ ಅದು. ಆ ಸಿನಿಮಾದ ಬಹುಪಾಲು ಮೂಕಿಯೇ. ಆಲ್ ಜಾಲ್ಸನ್ ಹಾಡುವಾಗ, ನಡುವೆ ನಾಲ್ಕು ಮಾತು ಆಡುವಾಗ ಮಾತ್ರ ದನಿ ಬರುತ್ತದೆ. ಉಳಿದ ಕಡೆ ಸಂಭಾಷಣೆ ಹಳೆಯ ಪದ್ಧತಿಯಂತೆ ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತದೆ.

ವಾರ್ನರ್‌ನವರು ಬಳಸಿದ ವ್ಯವಸ್ಥೆಯ ಹೆಸರು ವೈಟಾಫೋನ್. ಚಿತ್ರ ರೀಲಿನಲ್ಲಿ, ದನಿ ಗ್ರಾಮಫೋನ್ ತಟ್ಟೆಯಲ್ಲಿ. ತಟ್ಟೆಯ ಅಗಲ 16 ಇಂಚು, ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತಿತ್ತು, ತಟ್ಟೆಯೂ ಅಷ್ಟೇ ಹೊತ್ತು. ಎರಡನ್ನೂ ಒಂದಕ್ಕೊಂದು ಜೋಡಿಸಿ ಓಡಿಸುತ್ತಿದ್ದರು. ಆಪರೇಟರ್ ರೀಲಿನ ಗುರುತಿನ ಫ್ರೇಮನ್ನು ಬೆಳಕಿನ ಮುಂದಿಟ್ಟು, ತಟ್ಟೆಯ ಗುರುತಿನ ಮೇಲೆ ಮುಳ್ಳಿಟ್ಟು ಚಾಲೂ ಮಾಡಬೇಕು. ತಟ್ಟೆ ಸುಮಾರು 20 ಆಟಕ್ಕೆ ಸವೆದು ಹೋಗುತ್ತಿತ್ತು.

ತಾಪತ್ರಯ ಎಲ್ಲಿ ಗೊತ್ತಾ? ರೀಲು ಹರಿದರೆ. ಮೂಕಿಯಲ್ಲಾದರೆ ಹರಿದ ಕಡೆ ನಾಲ್ಕು ಫ್ರೇಮು ಕತ್ತರಿಸಿ ಅಂಟಿಸಿದರೆ ಮುಗಿಯಿತು, ಯಾರಿಗೂ ಗೊತ್ತಾಗದು. ಇಲ್ಲಿ ಹಾಗಲ್ಲ. ನಾಲ್ಕು ಫ್ರೇಮು ಹೋದರೆ ಚಿತ್ರ ಅಷ್ಟು ಮುಂದೆ ಓಡುತ್ತದೆ, ತಟ್ಟೆ ಹಿಂದೆ ಉಳಿಯುತ್ತದೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅದಕ್ಕೇ ಕಳೆದುಹೋದಷ್ಟೇ ಕಪ್ಪು ಫ್ರೇಮುಗಳನ್ನು ಲೆಕ್ಕ ಮಾಡಿ ಸೇರಿಸಬೇಕಿತ್ತು. ಸೆನ್ಸಾರಿನ ವಿಷಯ ಬಂದಾಗ ಇದನ್ನು ಮತ್ತೆ ನೆನಪು ಮಾಡಿಕೊಳ್ಳೋಣ.

ಫಾಕ್ಸ್ ಕಂಪನಿಯ ಮೂವಿಟೋನ್ ಬೇರೆ ದಾರಿ ಹಿಡಿಯಿತು. ದನಿಯನ್ನು ಬೆಳಕಿನ ಏರಿಳಿತವಾಗಿ ಮಾರ್ಪಡಿಸಿ, ಚಿತ್ರದ ಪಕ್ಕದಲ್ಲೇ ಸಣ್ಣ ಪಟ್ಟಿಯಾಗಿ ಮುದ್ರಿಸುವುದು. ರೀಲನ್ನು ಎಲ್ಲಿ ಕತ್ತರಿಸಿದರೂ ಚಿತ್ರ, ದನಿ ಒಟ್ಟಿಗೇ ಇರುತ್ತವೆ. 1930ರ ದಶಕ ಶುರುವಾಗುವ ಹೊತ್ತಿಗೆ ಈ ದಾರಿಯೇ ಗೆದ್ದಿತು, ತಟ್ಟೆಗಳು ಮೂಲೆ ಸೇರಿದವು.

ಇನ್ನೊಂದು ಬದಲಾವಣೆ ನಮಗೆ ಕಾಣುವುದೇ ಇಲ್ಲ. ಮೂಕಿ ಕಾಲದಲ್ಲಿ ರೀಲು ಓಡುವ ವೇಗ ಹೆಚ್ಚು ಕಡಿಮೆ ಆಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದನಿಯ ಜೊತೆ ಆ ಆಟ ನಡೆಯದು. ವೇಗ ಸ್ವಲ್ಪ ಏರಿದರೆ ನಾಯಕಿಯ ದನಿ ಕೀರಲಾಗುತ್ತದೆ. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಅಂತ ಗಟ್ಟಿ ಮಾಡಿದರು. ಇವತ್ತಿಗೂ ಸಿನಿಮಾದ ಲೆಕ್ಕ ಅದೇ.

ಶೂಟಿಂಗ್ ಜಾಗದಲ್ಲಂತೂ ದೊಡ್ಡ ಗೊಂದಲ. ಕ್ಯಾಮೆರಾ ಕರಕರ ಸದ್ದು ಮಾಡುತ್ತಿತ್ತು. ಅದನ್ನು ಕ್ಯಾಮೆರಾಮನ್ ಸಮೇತ ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಕೂಡಿ ಹಾಕಿದರು. ಪೆಟ್ಟಿಗೆಗೆ ಇಟ್ಟ ಅಡ್ಡಹೆಸರು ಐಸ್‌ಬಾಕ್ಸ್. ಒಳಗಿನ ಸೆಕೆಯಲ್ಲಿ ಇಡ್ಲಿ ಬೇಯಿಸಬಹುದಿತ್ತು. ಗುಂಯ್ ಅನ್ನುವ ಆರ್ಕ್ ದೀಪಗಳನ್ನು ತೆಗೆದು ಬೇರೆ ದೀಪ ತಂದರು. ಮೂಕಿಯ ಕೊನೆಯ ವರ್ಷಗಳಲ್ಲಿ ಹಕ್ಕಿಯಂತೆ ಹಾರಾಡುತ್ತಿದ್ದ ಕ್ಯಾಮೆರಾ ರಾತ್ರೋರಾತ್ರಿ ಗೂಟಕ್ಕೆ ಬಿತ್ತು. ನಟರು ಮೈಕಿನಿಂದ ಎರಡು ಹೆಜ್ಜೆ ಆಚೆ ಹೋಗುವಂತಿಲ್ಲ.

ಹೀಗೆ ಕಾಲು ಕಟ್ಟಿಹಾಕಿದಾಗ ಏನು ಮಾಡಬಹುದು? ನಾಟಕ ಆಡಬಹುದು. ಹಾಲಿವುಡ್ ಅದನ್ನೇ ಮಾಡಿತು. ನ್ಯೂಯಾರ್ಕಿನ ರಂಗಭೂಮಿಯಿಂದ ನಾಟಕ, ನಾಟಕಕಾರರು, ದನಿ ಪಳಗಿದ ನಟರು ಎಲ್ಲರನ್ನೂ ಕೊಂಡು ತಂದಿತು. 1929ರ ಆಸುಪಾಸಿನ ಅನೇಕ ಸಂಸಾರದ ಕಥೆಗಳಲ್ಲಿ ಒಂದು ಸೋಫಾ, ಇಬ್ಬರು ಮೂವರು ಜನ, ಮುಗಿಯದ ಮಾತು. ನನಗೆ ಇವುಗಳಲ್ಲಿ ಹೆಚ್ಚಿನವು ಬೇಸರವೇ. ಐಸೆನ್‌ಸ್ಟೈನ್, ಪುದೊವ್ಕಿನ್, ಅಲೆಕ್ಸಾಂದ್ರೊವ್ ಅನ್ನುವ ಮೂವರು ಸೋವಿಯತ್ ನಿರ್ದೇಶಕರು 1928ರಲ್ಲೇ ಒಂದು ಹೇಳಿಕೆ ಬರೆದು ಎಚ್ಚರಿಸಿದ್ದರು. ದನಿಯನ್ನು ಸುಮ್ನೆ ಮಾತಿಗೆ ಬಳಸಿದರೆ ಸಿನಿಮಾ ಅನ್ನುವುದು ಫೋಟೋ ಹಿಡಿದ ನಾಟಕವಾಗುತ್ತದೆ, ಚಿತ್ರ ಹೇಳುವುದನ್ನೇ ದನಿಯೂ ಹೇಳಬಾರದು ಅನ್ನುವುದು ಅವರ ವಾದ. ತಮಾಷೆ ಏನೆಂದರೆ, ಆಗ ಅವರ ದೇಶದಲ್ಲಿ ಟಾಕಿ ಇನ್ನೂ ಶುರುವೇ ಆಗಿರಲಿಲ್ಲ.

ಅಪವಾದವೂ ಇತ್ತು. ರೂಬೆನ್ ಮಮೂಲಿಯನ್ ರಂಗಭೂಮಿಯಿಂದಲೇ ಬಂದವರು. ಅವರ ಮೊದಲ ಸಿನಿಮಾ ‘ಅಪ್ಲಾಸ್’ 1929ರದ್ದು. ಅದರಲ್ಲಿ ತಾಯಿ ಜೋಗುಳ ಹಾಡುತ್ತಿರುತ್ತಾಳೆ, ಮಗಳು ಪಿಸುದನಿಯಲ್ಲಿ ಪ್ರಾರ್ಥನೆ ಮಾಡುತ್ತಿರುತ್ತಾಳೆ. ಎರಡನ್ನೂ ಒಂದೇ ಮೈಕಿನಲ್ಲಿ ಹಿಡಿದರೆ ಪಿಸುಮಾತು ಮುಳುಗಿ ಹೋಗುತ್ತದೆ. ಮಮೂಲಿಯನ್ ಎರಡು ಮೈಕು ಇಡಿಸಿ, ಬೇರೆ ಬೇರೆ ಹಿಡಿದು, ಆಮೇಲೆ ಸೇರಿಸಿದರು. ಇವತ್ತು ಮಾಮೂಲಿ ಕೆಲಸ. ಅವತ್ತು ತಂತ್ರಜ್ಞರೇ ಆಗದು ಅಂದಿದ್ದರು.

ಪ್ರೇಮ ನಿವೇದನೆ ಕೇಳಿ ನಕ್ಕರು

ಪ್ರೇಮಕಥೆಯ ಕಷ್ಟ ಬೇರೆ ಥರದ್ದು. ಮೂಕಿಯಲ್ಲಿ ನಾಯಕ ನಾಯಕಿಯ ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳುತ್ತಾನೆ. ಏನು ಹೇಳಿದ ಅನ್ನುವುದನ್ನು ನೋಡುವವರೇ ತುಂಬಿಕೊಳ್ಳುತ್ತಿದ್ದರು. ಎದುರಿಗೆ ಕೂತ ವಾದ್ಯದವರು ಉಳಿದದ್ದನ್ನು ನೋಡಿಕೊಳ್ಳುತ್ತಿದ್ದರು. ಈಗ ಆ ಮಾತು ಜೋರಾಗಿ ಕೇಳಬೇಕು. ಪ್ರೇಮಿಗಳ ಮಾತನ್ನು ಪಕ್ಕದಲ್ಲಿ ನಿಂತು ಕೇಳಿದರೆ ಹೇಗಿರುತ್ತದೆ ಹೇಳಿ?

ಜಾನ್ ಗಿಲ್ಬರ್ಟ್ ಮೂಕಿ ಕಾಲದ ದೊಡ್ಡ ಪ್ರೇಮಿ. 1929ರ ‘ಹಿಸ್ ಗ್ಲೋರಿಯಸ್ ನೈಟ್’ನಲ್ಲಿ ‘ಐ ಲವ್ ಯೂ’ ಅಂತ ಮೇಲಿಂದ ಮೇಲೆ ಹೇಳಿದಾಗ ಜನ ನಕ್ಕರು. ಅವನ ದನಿ ಕೀರಲಾಗಿತ್ತು, ಅದಕ್ಕೇ ಮುಳುಗಿದ ಅನ್ನುವ ಕಥೆ ಇವತ್ತಿಗೂ ಓಡಾಡುತ್ತಿದೆ. ಸುಳ್ಳು. 1933ರ ‘ಕ್ವೀನ್ ಕ್ರಿಸ್ಟೀನಾ’ದಲ್ಲಿ ಅವನ ದನಿ ಕೇಳಿ ನೋಡಿ, ಚೆನ್ನಾಗಿಯೇ ಇದೆ. ಕೆಟ್ಟದ್ದು ಬರೆದುಕೊಟ್ಟ ಮಾತು. ಮೂಕಿಯ ಉಬ್ಬಿದ ಪ್ರೇಮವನ್ನು ಹಾಗೇ ಬಾಯಲ್ಲಿ ಹೇಳಿಸಿದ್ದು.

ಎಂಜಿಎಂ ಕಂಪನಿ ಗ್ರೇಟಾ ಗಾರ್ಬೋ ವಿಷಯದಲ್ಲಿ ಹುಷಾರಾಗಿತ್ತು. ಸ್ವೀಡನ್ನಿನ ಈ ನಟಿಯ ಇಂಗ್ಲಿಷ್ ಉಚ್ಚಾರ ನಡೆಯುತ್ತದಾ ಅನ್ನುವ ಭಯ. 1930ರ ‘ಆ್ಯನಾ ಕ್ರಿಸ್ಟಿ’ಯಲ್ಲಿ ಅವಳದ್ದು ಸ್ವೀಡನ್ ಮೂಲದ ಹುಡುಗಿಯ ಪಾತ್ರ. ಉಚ್ಚಾರಕ್ಕೆ ನೆಪ ಸಿಕ್ಕಿತು. ‘ಗಾರ್ಬೋ ಮಾತಾಡುತ್ತಾಳೆ’ ಅನ್ನುವುದೇ ಜಾಹೀರಾತು. ಸಿನಿಮಾ ಶುರುವಾಗಿ ಸುಮಾರು ಕಾಲು ಗಂಟೆ ಅವಳು ತೆರೆಯ ಮೇಲೆ ಬರುವುದೇ ಇಲ್ಲ. ಬಂದವಳು ಆಡುವ ಮೊದಲ ಮಾತು ಪ್ರೇಮದ್ದಲ್ಲ. ದಣಿದು ಬಂದು ಕುರ್ಚಿಗೆ ಒರಗಿ, ಒರಟು ದನಿಯಲ್ಲಿ ವಿಸ್ಕಿ ತರಲು ಹೇಳುತ್ತಾಳೆ, ಜಿಪುಣತನ ಮಾಡಬೇಡ ಅಂತ ಸೇರಿಸುತ್ತಾಳೆ. ಜನ ಒಪ್ಪಿದರು. ಪ್ರೇಮಕಥೆ ಬದುಕಬೇಕಾದರೆ ಮಾತು ನೆಲಕ್ಕೆ ಇಳಿಯಬೇಕು ಅನ್ನುವುದು ನಿಧಾನವಾಗಿ ಎಲ್ಲರಿಗೂ ಹೊಳೆಯಿತು.

ಕಿವಿಗೆ ಬಿದ್ದ ಕೊಲೆ

ಈಗ ಕ್ರೈಂ ಕಥೆಗೆ ಬರೋಣ. ಇದಕ್ಕೆ ಮೊದಲಿಂದಲೇ ಕೆಲವು ಅನುಕೂಲ ಇದ್ದವು. ಗುಂಡಿನ ಸದ್ದು, ಟಯರಿನ ಕಿರುಚಾಟ, ಪೊಲೀಸ್ ಸೈರನ್, ಅಪರಾತ್ರಿಯಲ್ಲಿ ಬಡಿದುಕೊಳ್ಳುವ ಫೋನು. ಇವು ಕಥೆಯ ಹೊರಗಿನ ಅಲಂಕಾರ ಅಲ್ಲ, ಕಥೆಯೇ. ಎಂಜಿಎಂ ಕಂಪನಿಯ ಜೈಲು ಕಥೆ ‘ದ ಬಿಗ್ ಹೌಸ್’ಗೆ 1930ರಲ್ಲಿ ಸಿಕ್ಕಿದ್ದು ಧ್ವನಿಮುದ್ರಣಕ್ಕೆ ಕೊಟ್ಟ ಮೊಟ್ಟಮೊದಲ ಆಸ್ಕರ್.

ಎರಡನೆಯದು ಭಾಷೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಕಳ್ಳಸಾರಾಯಿ, ಅದರ ಸುತ್ತ ಗ್ಯಾಂಗು, ಅವರ ಕಾದಾಟ ದಿನದಿನದ ಪತ್ರಿಕೆಯ ಸುದ್ದಿ. ಆ ಸುದ್ದಿ ಬರೆದವರೇ ಹಾಲಿವುಡ್‌ಗೆ ಬಂದರು. ‘ಸ್ಕಾರ್‌ಫೇಸ್’ ಬರೆದ ಬೆನ್ ಹೆಕ್ಟ್ ಚಿಕಾಗೋದಲ್ಲಿ ವರದಿಗಾರರಾಗಿದ್ದವರು. ಬೀದಿಯ ಮಾತು, ಅರ್ಧಕ್ಕೆ ತುಂಡಾದ ವಾಕ್ಯ, ಬೆದರಿಕೆ, ಅಡ್ಡಹೆಸರು. ರಂಗಭೂಮಿಯ ಮೆರುಗಿನ ಇಂಗ್ಲಿಷಿಗಿಂತ ಇದು ಕಿವಿಗೆ ತಾಜಾ ಅನ್ನಿಸಿತು. 1931ರಲ್ಲಿ ‘ಲಿಟಲ್ ಸೀಸರ್’ನ ಎಡ್ವರ್ಡ್ ಜಿ. ರಾಬಿನ್ಸನ್, ‘ದ ಪಬ್ಲಿಕ್ ಎನಿಮಿ’ಯ ಜೇಮ್ಸ್ ಕ್ಯಾಗ್ನಿ ರಾತ್ರಿ ಬೆಳಗಾಗುವುದರಲ್ಲಿ ಸ್ಟಾರ್ ಆದರು. ಇಬ್ಬರೂ ಸುಂದರಾಂಗರಲ್ಲ. ಇಬ್ಬರ ಮಾತಿನ ಓಟವೇ ಬೇರೆ.

ಆದರೆ ನಿಜವಾದ ಗೆಲುವು ಮೂರನೆಯದರಲ್ಲಿ. ‘ದ ಪಬ್ಲಿಕ್ ಎನಿಮಿ’ಯಲ್ಲಿ ಒಂದು ಕೊಲೆ ಇದೆ. ಹಳೆಯ ಪರಿಚಯದವನೊಬ್ಬ ಪ್ರಾಣಭಿಕ್ಷೆ ಬೇಡುತ್ತ, ಹಿಂದಿನ ದಿನಗಳನ್ನು ನೆನಪಿಸಲು ಪಿಯಾನೋ ಮುಂದೆ ಕೂತು ಹಾಡುತ್ತಾನೆ. ಕ್ಯಾಗ್ನಿ ಅವನ ಬೆನ್ನ ಹಿಂದೆ ನಿಂತಿದ್ದಾನೆ. ಕ್ಯಾಮೆರಾ ಮೆಲ್ಲಗೆ ಬಾಗಿಲ ಬಳಿಯ ಗೆಳೆಯನ ಕಡೆ ತಿರುಗುತ್ತದೆ. ಹಾಡು ನಡೆದೇ ಇದೆ. ಗುಂಡಿನ ಸದ್ದು. ಪಿಯಾನೋ ಮಣೆಗಳ ಮೇಲೆ ದೇಹ ಬಿದ್ದ ಅಪಸ್ವರ. ನಮಗೆ ಕಂಡದ್ದು ಗೆಳೆಯನ ಮುಖ ಮಾತ್ರ. ಮೂಕಿಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಕೊಲೆ ಆಯಿತು ಅನ್ನುವುದಕ್ಕೆ ಕೊಲೆಯನ್ನೋ ಹೆಣವನ್ನೋ ತೋರಿಸಲೇಬೇಕಿತ್ತು.

ಲಂಡನ್ನಿನಲ್ಲಿ ಹಿಚ್‌ಕಾಕ್ ಎರಡು ವರ್ಷ ಮೊದಲೇ ಇದನ್ನು ಇನ್ನೊಂದು ದಿಕ್ಕಿಗೆ ಒಯ್ದಿದ್ದರು. 1929ರ ‘ಬ್ಲ್ಯಾಕ್‌ಮೇಲ್’ ಮೂಕಿಯಾಗಿ ಶುರುವಾದ ಸಿನಿಮಾ. ನಡುವೆ ಟಾಕಿ ಮಾಡಿ ಅಂತ ಅಪ್ಪಣೆ ಬಂತು. ನಾಯಕಿ ಆ್ಯನಿ ಓಂಡ್ರಾಳ ಇಂಗ್ಲಿಷಿನಲ್ಲಿ ಅವಳ ಪ್ರಾಗ್ ಊರಿನ ಉಚ್ಚಾರ ದಟ್ಟವಾಗಿತ್ತು, ಪಾತ್ರ ಮಾತ್ರ ಲಂಡನ್ ಅಂಗಡಿಯವನ ಮಗಳದ್ದು. ಆಮೇಲೆ ಡಬ್ ಮಾಡುವ ಸೌಕರ್ಯ ಇರಲಿಲ್ಲ. ಜೋನ್ ಬ್ಯಾರಿ ಅನ್ನುವ ನಟಿ ಕ್ಯಾಮೆರಾ ಆಚೆ ಮೈಕಿನ ಮುಂದೆ ನಿಂತು ಮಾತಾಡಿದಳು, ಓಂಡ್ರಾ ಅದಕ್ಕೆ ತುಟಿ ಆಡಿಸಿದಳು. ಅಲ್ಲೇ, ಆ ಕ್ಷಣದಲ್ಲೇ.

ಕಥೆಯಲ್ಲಿ ಆ ಹುಡುಗಿ ತನ್ನ ಮೇಲೆ ಕೈಮಾಡಲು ಬಂದವನನ್ನು ಚಾಕುವಿನಿಂದ ಇರಿದು ಕೊಂದಿದ್ದಾಳೆ. ಮರುದಿನ ಮನೆಯಲ್ಲಿ ತಿಂಡಿಗೆ ಕೂತಿದ್ದಾಳೆ. ಪಕ್ಕದ ಮನೆಯ ಹೆಂಗಸು ಬಂದು ಕೊಲೆಯ ಸುದ್ದಿ ಹರಟುತ್ತಾಳೆ. ಹರಟೆ ಮೆಲ್ಲಮೆಲ್ಲಗೆ ಅಸ್ಪಷ್ಟ ಗೊಣಗಾಟವಾಗುತ್ತದೆ. ಅದರೊಳಗಿಂದ ‘ಚಾಕು’ ಅನ್ನುವ ಒಂದೇ ಪದ ಸ್ಪಷ್ಟವಾಗಿ ಏಳುತ್ತದೆ. ಮತ್ತೆ ಗೊಣಗಾಟ, ಮತ್ತೆ ‘ಚಾಕು’. ಆ ಹೊತ್ತಿಗೆ ಅಪ್ಪ ಬ್ರೆಡ್ ಕೊಯ್ಯಲು ಹೇಳುತ್ತಾನೆ. ಅವಳ ಕೈಯಿಂದ ಚಾಕು ಎಗರಿ ಬೀಳುತ್ತದೆ. ಮೈಕು ಕೋಣೆಯಲ್ಲಿತ್ತು, ಆದರೆ ನಾವು ಕೇಳಿದ್ದು ಅವಳ ತಲೆಯೊಳಗಿನ ದನಿ. ಟಾಕಿ ಬಂದು ಎರಡು ವರ್ಷವೂ ಆಗಿರಲಿಲ್ಲ ಅನ್ನುವುದನ್ನು ನೆನಪಿಡಿ.

ಇವೆಲ್ಲದರ ಮೇಲೆ ನಾನು ಇಡುವುದು ಫ್ರಿಟ್ಸ್ ಲಾಂಗ್‌ನ ‘ಎಂ’. 1931ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಬಂತು. ಲಾಂಗ್‌ನ ಮೊದಲ ಟಾಕಿ. ಊರಿನಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ಓಡಾಡುತ್ತಿದ್ದಾನೆ. ಎಲ್ಸಿ ಅನ್ನುವ ಹುಡುಗಿ ಶಾಲೆಯಿಂದ ಬರಬೇಕು. ತಾಯಿ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಾಳೆ. ಗಡಿಯಾರ ಹೊಡೆಯುತ್ತದೆ. ತಾಯಿ ಹೆಸರು ಹಿಡಿದು ಕೂಗುತ್ತಾಳೆ. ಕೂಗು ಕೇಳುವಾಗ ತೆರೆಯ ಮೇಲೆ ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಮೇಜಿನ ಮೇಲೆ ಖಾಲಿ ತಟ್ಟೆ. ಹುಲ್ಲಿನ ಮೇಲೆ ಉರುಳಿಬಂದ ಚೆಂಡು, ಮೇಲಿನ ತಂತಿಗೆ ಸಿಕ್ಕಿದ ಬಲೂನು. ಕೊಲೆ ಎಲ್ಲೂ ಕಾಣುವುದಿಲ್ಲ. ಕಂಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕೊಲೆಗಾರನಿಗೆ ಒಂದು ಚಾಳಿ. ಆಸೆ ಕೆರಳಿದಾಗ ಗ್ರೀಗ್ ಎಂಬ ನಾರ್ವೆಯ ಸಂಗೀತಗಾರನ ಒಂದು ಧಾಟಿಯನ್ನು ಸಿಳ್ಳೆ ಹಾಕುತ್ತಾನೆ. ಪಾತ್ರ ಮಾಡಿದ ಪೀಟರ್ ಲೊರೆಗೆ ಸಿಳ್ಳೆ ಬರುತ್ತಿರಲಿಲ್ಲ, ಅದು ತನ್ನದೇ ಸಿಳ್ಳೆ ಅಂತ ಲಾಂಗ್ ಹೇಳಿಕೊಂಡಿದ್ದ. ಮುಂದೆ ಅವನನ್ನು ಗುರುತಿಸುವುದು ಯಾರು? ಬಲೂನು ಮಾರುವ ಕುರುಡ. ಕಣ್ಣಿದ್ದ ಪೊಲೀಸರಿಗೆ ಸಿಗದವನು ಕಿವಿಗೆ ಸಿಕ್ಕಿಬೀಳುತ್ತಾನೆ. ಮೂಕಿಯಲ್ಲಿ ಈ ಕಥೆ ಹೇಳಲು ದಾರಿಯೇ ಇಲ್ಲ, ಅಲ್ವಾ? ಇನ್ನೂ ಒಂದು ಮಾತು. ಸಿನಿಮಾದ ಕೆಲವು ಭಾಗಗಳಲ್ಲಿ ಲಾಂಗ್ ಯಾವ ಸದ್ದನ್ನೂ ಇಟ್ಟಿಲ್ಲ. ನೋಡುವಾಗ ಟಿವಿ ಕೆಟ್ಟಿತಾ ಅನ್ನಿಸಬಹುದು. ಕೆಟ್ಟಿಲ್ಲ.

ಮರುವರ್ಷ ಬಂದ ‘ಸ್ಕಾರ್‌ಫೇಸ್’ನ ಪಾತಕಿಯೂ ಕೊಲ್ಲುವ ಮುಂಚೆ ಸಿಳ್ಳೆ ಹಾಕುತ್ತಾನೆ, ಒಂದು ಇಟಾಲಿಯನ್ ಒಪೆರಾದ ಧಾಟಿ. ಮೊದಲ ಕೊಲೆಯಲ್ಲಿ ಗೋಡೆಯ ಮೇಲೆ ಅವನ ನೆರಳು, ಸಿಳ್ಳೆ, ಗುಂಡು. ಅಷ್ಟೇ.

ಪ್ರೇಮಕಥೆ ಇದನ್ನು ನೋಡುತ್ತ ಸುಮ್ಮನೆ ಕೂರಲಿಲ್ಲ. 1932ರ ‘ಟ್ರಬಲ್ ಇನ್ ಪ್ಯಾರಡೈಸ್’ನಲ್ಲಿ ಅರ್ನ್‌ಸ್ಟ್ ಲುಬಿಚ್ ಇಬ್ಬರು ಕಳ್ಳರ ನಡುವೆಯೇ ಪ್ರೇಮ ಹುಟ್ಟಿಸಿದ. ಒಬ್ಬರ ಜೇಬನ್ನು ಇನ್ನೊಬ್ಬರು ಕತ್ತರಿಸಿದ್ದು ಗೊತ್ತಾದಾಗಲೇ ಅವರಿಗೆ ಒಬ್ಬರ ಮೇಲೊಬ್ಬರಿಗೆ ಮನಸ್ಸಾಗುತ್ತದೆ. ಅದೇ ಸಿನಿಮಾದಲ್ಲಿ ಒಂದು ಇಡೀ ಸಂಜೆಯನ್ನು ಗಡಿಯಾರ ಮಾತ್ರ ತೋರಿಸಿ ಕಳೆಯುತ್ತಾನೆ. ಮುಳ್ಳು ಸರಿಯುತ್ತದೆ, ಕಾಣದ ಇಬ್ಬರ ಮಾತು ಸಲಿಗೆಗೆ ತಿರುಗುತ್ತದೆ. ಪಿಯಾನೋ ದೃಶ್ಯದ್ದೇ ಉಪಾಯ, ಕೊಲೆಯ ಬದಲು ಒಲವು. ಐದು ವರ್ಷದ ಹಿಂದೆ ‘ಐ ಲವ್ ಯೂ’ಗೆ ನಗುತ್ತಿದ್ದ ಜನ 1934ರಲ್ಲಿ ಫ್ರ್ಯಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ನ ಜಗಳಗಂಟ ಜೋಡಿಗೆ ಮನಸೋತರು. ಐದು ಮುಖ್ಯ ಆಸ್ಕರ್‌ಗಳೂ ಅದಕ್ಕೇ ಬಂದವು.

ಕತ್ತರಿ ಬಿದ್ದದ್ದು ಯಾಕೆ

ಅದೇ 1934ರಲ್ಲಿ ಬಾಗಿಲು ಮುಚ್ಚಿತು. ಏನು ತೋರಿಸಬಹುದು, ಏನು ಕೂಡದು ಅಂತ ಹಾಲಿವುಡ್ ತನಗೆ ತಾನೇ ಹಾಕಿಕೊಂಡ ನಿಯಮಾವಳಿ 1930ರಲ್ಲೇ ಬಂದಿತ್ತು. ನೀತಿ, ಧರ್ಮದ ಒತ್ತಡ ಇದಕ್ಕೆ ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಜವೇ. ಜೊತೆಗೆ ಆ ತಟ್ಟೆಯ ತಾಪತ್ರಯವೂ ಇತ್ತು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಒಹಾಯೊದಂಥ ರಾಜ್ಯಗಳಿಗೆ ತಮ್ಮದೇ ಸೆನ್ಸಾರ್ ಮಂಡಳಿ ಇತ್ತು. ಒಬ್ಬೊಬ್ಬರು ಒಂದೊಂದು ಕಡೆ ಕತ್ತರಿಸುತ್ತಿದ್ದರು. ಮೂಕಿಯಲ್ಲಿ ಅದು ನಡೆದುಹೋಗುತ್ತಿತ್ತು. ತಟ್ಟೆಯಲ್ಲಿ ದನಿ ಇದ್ದ ಟಾಕಿಯಲ್ಲಿ ಕತ್ತರಿಸಿದರೆ ಮಾತು ಹಳಿ ತಪ್ಪುತ್ತದೆ, ಮತ್ತೆ ಮುದ್ರಿಸಲು ದುಡ್ಡು ಸುರಿಯಬೇಕು. ಶೂಟಿಂಗಿಗೆ ಮೊದಲೇ ಕಥೆಯನ್ನು ಶುಚಿ ಮಾಡಿಕೊಂಡರೆ ಖರ್ಚು ಉಳಿಯುತ್ತದೆ ಅನ್ನುವುದು ಕಂಪನಿಗಳ ಲೆಕ್ಕ.

ಮೊದಲ ನಾಲ್ಕು ವರ್ಷ ಆ ನಿಯಮಗಳನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡಲಿಲ್ಲ. ‘ಸ್ಕಾರ್‌ಫೇಸ್’ಗೆ ‘ದೇಶಕ್ಕೇ ನಾಚಿಕೆ’ ಅನ್ನುವ ಅರ್ಥದ ಉಪಶೀರ್ಷಿಕೆ ಅಂಟಿಸಿ, ಬೇರೆ ಕ್ಲೈಮ್ಯಾಕ್ಸ್ ಒಂದನ್ನೂ ಶೂಟ್ ಮಾಡಿಸಿದರು, ಅಷ್ಟೇ. 1934ರ ಜುಲೈನಿಂದ, ಈ ನಿಯಮ ಜಾರಿ ಮಾಡುವ ಹೊಣೆ ಹೊತ್ತ ಜೋಸೆಫ್ ಬ್ರೀನ್ ಅವರ ಕಚೇರಿಯ ಪ್ರಮಾಣಪತ್ರ ಇಲ್ಲದೆ ದೊಡ್ಡ ಕಂಪನಿಗಳ ಸಿನಿಮಾ ಬಿಡುಗಡೆ ಆಗುವಂತಿರಲಿಲ್ಲ. ಪಾತಕಿಯನ್ನು ಮೆರೆಸುವಂತಿಲ್ಲ, ಕೊಲೆಯನ್ನು ವಿವರವಾಗಿ ತೋರಿಸುವಂತಿಲ್ಲ. ತೋರಿಸದೆ ಕೇಳಿಸುವ ವಿದ್ಯೆ ಆಮೇಲೆ ಕಲೆಯಷ್ಟೇ ಅಲ್ಲ, ಹೊಟ್ಟೆಪಾಡೂ ಆಯಿತು.

ನಮ್ಮ ಕಡೆ

ಭಾರತದಲ್ಲಿ ದನಿ ಬೇರೆ ದಾರಿ ಹಿಡಿಯಿತು. 1931ರ ಮಾರ್ಚ್ 14ರಂದು ಬಾಂಬೆಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಂದ ದೇಶದ ಮೊದಲ ಟಾಕಿ ‘ಆಲಂ ಆರಾ’ದಲ್ಲಿ ಏಳು ಹಾಡು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇದ್ದದ್ದರಿಂದ ಶೂಟಿಂಗ್ ಬಹುಪಾಲು ರಾತ್ರಿ ಹೊತ್ತಿನಲ್ಲಿ. ಇಲ್ಲಿ ಟಾಕಿಗೆ ಬಂದವರು ಕಂಪನಿ ನಾಟಕದವರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ರಾಮಾಯಣದ ಕಥೆ. ವೈ.ವಿ. ರಾವ್ ನಿರ್ದೇಶನ, ನಾಟಕ ರಂಗದ ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಮುಖ್ಯ ಪಾತ್ರಗಳಲ್ಲಿ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಹಾಲಿವುಡ್ ನಾಟಕದ ಮಾತನ್ನು ತಂದಿತು, ನಮ್ಮವರು ಹಾಡನ್ನೂ ತಂದರು. ಪುರಾಣ ಬಿಟ್ಟ ಸಂಸಾರದ ಕಥೆ ಕನ್ನಡಕ್ಕೆ ಬಂದದ್ದು 1936ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕ’ದಿಂದ. ಅದೂ ನಾಟಕದಿಂದಲೇ ಬಂದದ್ದು.

ಜರ್ಮನಿಯ ಗಾಳಿ ನೇರವಾಗಿ ಬೀಸಿದ್ದು ಬಾಂಬೆ ಟಾಕೀಸ್‌ನಲ್ಲಿ. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಕಟ್ಟಿದ ಈ ಕಂಪನಿಗೆ ನಿರ್ದೇಶಕ ಫ್ರಾಂಜ್ ಓಸ್ಟೆನ್, ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್ ಇಬ್ಬರೂ ಜರ್ಮನಿಯಿಂದ ಬಂದವರು. ಕಂಪನಿಯ ಮೊದಲ ಸಿನಿಮಾ ‘ಜವಾನಿ ಕೀ ಹವಾ’ 1935ರಲ್ಲಿ ಬಂತು. ಪ್ರೇಮ, ಓಡಿಹೋಗುವ ಜೋಡಿ, ರೈಲಿನಲ್ಲಿ ಕೊಲೆ. ದೇವಿಕಾ ರಾಣಿಯವರೇ ನಾಯಕಿ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಚಿತ್ರಕಲಾವಿದ ಪತಿ ರೋರಿಕ್ ಅವರ ಜೊತೆ ಬಹಳ ವರ್ಷ ಬಾಳಿದ ಅದೇ ದೇವಿಕಾ ರಾಣಿ.

‘ಆಲಂ ಆರಾ’ದ ಪ್ರಿಂಟ್ ಉಳಿದಿಲ್ಲ, ‘ಸತಿ ಸುಲೋಚನ’ದ್ದೂ ಇಲ್ಲ. ಹಾಲಿವುಡ್ಡಿನಲ್ಲೂ ನಷ್ಟ ಕಡಿಮೆ ಏನಲ್ಲ. 1929ರ ‘ಗೋಲ್ಡ್ ಡಿಗ್ಗರ್ಸ್ ಆಫ್ ಬ್ರಾಡ್‌ವೇ’ಯ ತಟ್ಟೆಗಳು ಉಳಿದಿವೆ, ಚಿತ್ರ ಬಹುಪಾಲು ಹೋಗಿದೆ. ಆದರೂ ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಸಿಗುತ್ತವೆ. 1929ರ ಅಮೆರಿಕನ್ ಸಿನಿಮಾಗಳ ಹಕ್ಕುಸ್ವಾಮ್ಯ ಆ ದೇಶದಲ್ಲಿ 2025ರ ಜನವರಿ 1ಕ್ಕೆ ಮುಗಿದಿದೆ, ಹಾಗಾಗಿ ‘ಅಪ್ಲಾಸ್’ನಂಥವು ಇನ್ನು ಸುಲಭ. ಶುರು ಮಾಡುವವರು ‘ಎಂ’ನಿಂದ ಮಾಡಿ, ಸಬ್‌ಟೈಟಲ್ ಇರುವ, ಚೊಕ್ಕ ಮಾಡಿದ ಪ್ರತಿಯನ್ನೇ ಹುಡುಕಿ. ಆಮೇಲೆ ‘ಬ್ಲ್ಯಾಕ್‌ಮೇಲ್’ನ ಮೂಕಿ ಮತ್ತು ಟಾಕಿ ಎರಡೂ ರೂಪಗಳನ್ನು ಒಂದರ ಬೆನ್ನಿಗೆ ಇನ್ನೊಂದು ನೋಡಿ. ಎರಡೂ ಉಳಿದಿವೆ. ತಿಂಡಿ ಮೇಜಿನ ದೃಶ್ಯ ಬಂದಾಗ ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೆಯದು.